ನಾಲ್ಕನೇ ಪ್ರಶ್ನೆಗೆ ತಿದ್ದುಪಡಿ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಸತ್ತವನಿಂದ ಶುರು ಮಾಡಿದರೆ ನೀವು ಮರುಗುತ್ತೀರಿ, ನಾನು ಬಚಾವಾಗುತ್ತೇನೆ. ಪುಸ್ತಕದಿಂದ ಶುರು ಮಾಡಿದರೆ ನೀವು ಆಕಳಿಸುತ್ತೀರಿ, ಆಗಲೂ ನಾನು ಬಚಾವೇ. ಮೂರು ಸಲ ಬರೆದು ಹರಿದು ಹಾಕಿದ್ದೇನೆ. ಮೊದಲನೆಯದು 'ಪುಣೆಯ ಬಿಬವೇವಾಡಿಯಲ್ಲಿ ಅವ್ವಣ್ಣನೆಂಬ ಗುಮಾಸ್ತನಿದ್ದ' ಅಂತ ಶುರುವಾಗಿತ್ತು. ಎರಡನೆಯದರಲ್ಲಿ ಸೂರ್ಯ ಹುಟ್ಟುತ್ತಿದ್ದ. ಥೂ! ಮೂರನೆಯದರಲ್ಲಿ ನಾನೇ ಇರಲಿಲ್ಲ. ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು, ಅದಕ್ಕೇ ಹರಿದೆ.

ಸರಿ, ಪುಸ್ತಕದಿಂದಲೇ ಶುರು ಮಾಡುತ್ತೇನೆ. ಆಕಳಿಸುವವರು ಈಗಲೇ ಆಕಳಿಸಿಬಿಡಿ.

೨

'ವ್ಯಸನಿಗಳ ಚಿಕಿತ್ಸೆ: ಆರೋಗ್ಯ ಕಾರ್ಯಕರ್ತರಿಗೊಂದು ಕೈಪಿಡಿ.' ೧೯೯೮ನೇ ಇಸವಿ, ನಲವತ್ತೆಂಟು ಪುಟ, ನೀಲಿ ರಟ್ಟು. ಇಂಗ್ಲಿಷಿನಿಂದ ಕನ್ನಡಕ್ಕೆ ತಂದವನು ನಾನು, ಪುಣೆಯ ಒಂದು ಕನ್ನಡ ಶಾಲೆಯ ಮಾಸ್ತರ. ಕೊಂಢವಾದಲ್ಲಿ ಕುಡಿತ ಬಿಡಿಸುವ ಸಣ್ಣದೊಂದು ಕೇಂದ್ರವಿತ್ತು. ಅಲ್ಲಿಗೆ ಬರುತ್ತಿದ್ದ ರೋಗಿಗಳಲ್ಲಿ ಅರ್ಧಕ್ಕರ್ಧ ವಿಜಾಪುರ, ಗುಲ್ಬರ್ಗಾ ಕಡೆಯವರು. ಅವರ ಮಾತು ಡಾಕ್ಟರಿಗೆ ತಿಳಿಯದು, ಡಾಕ್ಟರ ಮರಾಠಿ ಅವರ ಸಂಕಟಕ್ಕೆ ಸಾಲದು. ಕನ್ನಡ ಬಲ್ಲ ನರ್ಸ್ ಒಬ್ಬಳೇ, ಉಡುಪಿ ಕಡೆಯ ಲೀಲಾಕ್ಷಿ. ಅವಳು ಕೇಳಬೇಕಾದ ಪ್ರಶ್ನೆಗಳು ಕನ್ನಡದಲ್ಲೇ ಇರಲಿ ಅಂತ ಟ್ರಸ್ಟಿನವರು ನನ್ನ ಬೆನ್ನು ಹತ್ತಿದರು.

ಒಟ್ಟು ಹನ್ನೆರಡು ಪ್ರಶ್ನೆ, ರೋಗಿಗೊಂದರಂತೆ ತುಂಬಲು ಅವುಗಳದೇ ಬೇರೆ ಕಾಗದ. ನಾಲ್ಕನೆಯದು ಇಂಗ್ಲಿಷಿನಲ್ಲಿ ಬಲು ಸಾದಾ ಇತ್ತು: ಕೊನೆಯ ಸಲ ಕುಡಿದದ್ದು ಯಾವಾಗ? ದಿನ, ವೇಳೆ ಬರೆಯಲು ಮುಂದೆ ಜಾಗ. ವಾರದೊಳಗಾಗಿದ್ದರೆ ಒಂಬತ್ತನೇ ಪುಟ ನೋಡಿ ಅಂತ ಸೂಚನೆ.

ನಾನು ಹಾಗೆ ಬರೆಯಲಿಲ್ಲ.

೩

(ಇದು ಸಮರ್ಥನೆಯಲ್ಲ. ಸಮರ್ಥನೆಯೇ, ಸುಳ್ಳು ಯಾಕೆ ಹೇಳಲಿ.)

'ಕೊನೆಯ ಸಲ' ಅಂದರೆ ನಮ್ಮ ಜನ ಬೆಚ್ಚಿಬೀಳುತ್ತಾರೆ, ಅಪಶಕುನ ಅನ್ನುತ್ತಾರೆ ಎಂಬುದು ನನ್ನ ಎಣಿಕೆ. ಮೇಲಾಗಿ ಹೆಂಡತಿ ಪಕ್ಕದಲ್ಲೇ ಕೂತಿರುವಾಗ 'ಯಾವಾಗ ಕುಡಿದಿರಿ' ಅಂತ ಕೇಳುವುದು ಪೊಲೀಸರ ಧಾಟಿ. ಮರ್ಯಾದಸ್ಥರನ್ನು ಹಾಗೆ ಕೇಳುವುದುಂಟೇ? ಅದಕ್ಕೆ ನಯವಾಗಿ ಬರೆದೆ: 'ಕುಡಿಯುವುದನ್ನು ಬಿಟ್ಟಿದ್ದೀರಾ?' ಮುಂದೆ ಎರಡು ಚೌಕ, ಹೌದು ಮತ್ತು ಇಲ್ಲ. 'ಇಲ್ಲ' ಅಂದವರಿಗೆ ನರ್ಸ್ ಒಂಬತ್ತನೇ ಪುಟ ತೆಗೆಯಬೇಕು. 'ಹೌದು' ಅಂದವರನ್ನು ವಾರಕ್ಕೊಮ್ಮೆ ಬಂದು ಮಾತಾಡಿ ಹೋಗುವವರ ಪಟ್ಟಿಗೆ ಸೇರಿಸಬೇಕು. ಓದಿದ ಮೂರು ಜನ ಭೇಷ್ ಅಂದರು. ಅವರಲ್ಲಿ ಒಬ್ಬರೂ ಡಾಕ್ಟರರಲ್ಲ.

ಒಂಬತ್ತನೇ ಪುಟದಲ್ಲಿ ಏನಿತ್ತು ಗೊತ್ತೇ? ವರ್ಷಗಟ್ಟಲೆ ದಿನಾ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ಬೆವರುತ್ತದೆ. ಎರಡರಿಂದ ನಾಲ್ಕು ದಿನದೊಳಗೆ ಭ್ರಮೆ ಹಿಡಿಯಬಹುದು, ಫಿಟ್ಸ್ ಬರಬಹುದು, ಜೀವವೂ ಹೋಗಬಹುದು. ತಡಮಾಡದೆ ಆಸ್ಪತ್ರೆಗೆ ಸೇರಿಸಿ. ಅದನ್ನೂ ನಾನೇ ಅನುವಾದ ಮಾಡಿದ್ದೆ, ಒಂದು ಕಾಗುಣಿತವೂ ತಪ್ಪದ ಹಾಗೆ.

೪

ಈಗ ಅವ್ವಣ್ಣ ಬರುತ್ತಾನೆ. (ಬಾರಪ್ಪಾ. ಎಷ್ಟು ಹೊತ್ತಂತ ನಿನ್ನನ್ನು ಹೊರಗೆ ನಿಲ್ಲಿಸಲಿ.) ಮಾರ್ಕೆಟ್ ಯಾರ್ಡಿನ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಗುಮಾಸ್ತ, ವಯಸ್ಸು ನಲವತ್ತೊಂದು. ಹದಿನೆಂಟು ವರ್ಷದಿಂದ ಕುಡಿತ, ಈಚೆಗೆ ಬೆಳಿಗ್ಗೆ ಎದ್ದ ಕೂಡಲೇ. ಹೆಂಡತಿ ಭೀಮವ್ವ. ಮಗಳು ನನ್ನ ವರ್ಗದಲ್ಲೇ ಕಲಿಯುತ್ತಿದ್ದಳು. ಕೊಂಢವಾದ ಕೇಂದ್ರಕ್ಕೆ ಹೋಗಿ ಅಂತ ಹೇಳಿ ಕಳಿಸಿದವನೂ ನಾನೇ.

ಹೋಗುವ ಮೊದಲು ಭೀಮವ್ವ ತನ್ನದೊಂದು ಉಪಾಯ ಮಾಡಿದಳು. ರವಿವಾರ ಏಕಾದಶಿ. ಬೆಳಿಗ್ಗೆ ಗಂಡನನ್ನು ವಿಠ್ಠಲನ ಗುಡಿಗೆ ಕರೆದೊಯ್ದು ತನ್ನ ಕೈಯಾರೆ ತುಳಸಿಮಾಲೆ ಹಾಕಿದಳು. ಆ ಮಾಲೆ ಕೊರಳಿಗೆ ಬಿದ್ದ ಮೇಲೆ ಕುಡಿತವಿಲ್ಲ, ಮಾಂಸವಿಲ್ಲ. 'ಮಾಳಿ ಹಾಕ್ಕೊಂಡಾನ' ಅಂದರೆ 'ಬಿಟ್ಟಾನ' ಅಂತಲೇ ಅರ್ಥ, ಆ ಗಳಿಗೆಯಿಂದಲೇ.

ಮಂಗಳವಾರ ಬೆಳಿಗ್ಗೆ ಕೇಂದ್ರದಲ್ಲಿ ಲೀಲಾಕ್ಷಿ ನನ್ನ ನಾಲ್ಕನೇ ಪ್ರಶ್ನೆ ಓದಿದಳು.

"ಕುಡಿಯುವುದನ್ನು ಬಿಟ್ಟಿದ್ದೀರಾ?"

"ಬಿಟ್ಟೀನ್ರಿ ಸಿಸ್ಟರ್," ಅಂದ ಅವ್ವಣ್ಣ. "ಮಾಳಿ ಹಾಕ್ಕೊಂಡೀನಿ, ನೋಡ್ರಿಲ್ಲೆ."

"ಮತ್ತೆ ಕೈ ಎಂತಕ್ಕೆ ನಡುಗುದು?"

"ಥಂಡಿ ಆಗ್ಯದರಿ," ಭೀಮವ್ವ ನಡುವೆ ಬಂದಳು. "ನಿದ್ದೀನೂ ಇಲ್ಲ. ಆದ್ರ ಇನ್ನ ಮುಟ್ಟಂಗಿಲ್ಲರಿ. ದೇವರ ಮುಂದ ನಾನs ಹಾಕೀನಿ."

ಲೀಲಾಕ್ಷಿ 'ಹೌದು' ಚೌಕದಲ್ಲಿ ಗುರುತು ಹಾಕಿದಳು. ಶಕ್ತಿಯ ಗುಳಿಗೆ ಕೊಟ್ಟು, ಮುಂದಿನ ಮಂಗಳವಾರ ಬನ್ನಿ ಅಂದಳು.

ಬುಧವಾರ ಮಧ್ಯಾಹ್ನ ಅವ್ವಣ್ಣ ಮನೆಯ ನೆಲದ ಮೇಲೆ ಕೂತು ಇಲ್ಲದ ಚೀಲಗಳ ಬಾಯಿ ಹೊಲಿಯತೊಡಗಿದ. ಬೆರಳಲ್ಲಿ ಸೂಜಿ ಹಿಡಿದ ಹಾಗೆ ಎಳೆಯುತ್ತ, "ದಾರಾ ಕೊಡ, ಗಾಡಿ ಬಂದು ನಿಂತದ" ಅಂತ ಹೆಂಡತಿಯನ್ನು ಬೈದ. ರಿಕ್ಷಾ ಬರುವ ಹೊತ್ತಿಗೆ ಫಿಟ್ಸ್ ಶುರುವಾಗಿತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಜೀವ ಹೋಯಿತು.

(ಇಲ್ಲಿ ಐದು ಸಾಲು ವರ್ಣನೆಯಿತ್ತು. ಹೊಡೆದು ಹಾಕಿದ್ದೇನೆ. ಒಳ್ಳೆಯ ಸಾಲುಗಳು, ನೋಡಿದರೆ ಹೇಸಿಗೆಯಾಯಿತು.)

೫

ಎಂಟು ದಿನಕ್ಕೆ ಲೀಲಾಕ್ಷಿ ನಮ್ಮ ಶಾಲೆಗೆ ಬಂದಳು. ಒಂಬತ್ತನೇ ಪುಟ ಯಾಕೆ ನೋಡಲಿಲ್ಲ ಅಂತ ಡಾಕ್ಟರು ಅವಳಿಗೆ ಬೈದಿದ್ದರಂತೆ.

"ಯಾವತ್ತಿಂದ ಬಿಟ್ಟದ್ದು ಅಂತ ಕೇಳ್ಲಿಕ್ಕೆ ಬಾಯಿವರೆಗೆ ಬಂದಿತ್ತು ಸಾರ್. ಪುಸ್ತಕದಲ್ಲಿ ಇಲ್ಲ ಅಲ್ವಾ. ದೊಡ್ಡವರು ಬರ್ದದ್ದು, ನಾನೆಂತ ಸೇರ್ಸುದು ಅಂತ ಸುಮ್ಮನಾದೆ."

ನಾನು 'ನಿಮ್ಮ ತಪ್ಪಲ್ಲ' ಅಂದೆ. 'ನನ್ನ ತಪ್ಪು' ಅನ್ನಲಿಲ್ಲ. ಈ ಎರಡು ವಾಕ್ಯಗಳ ನಡುವಿನ ವ್ಯತ್ಯಾಸ ಭಾಷೆ ಕಲಿಸುವವನಿಗೆ ಚೆನ್ನಾಗಿ ಗೊತ್ತಿರುತ್ತದೆ. ಆ ವರ್ಷವೇ ಅವಳು ಕೆಲಸ ಬಿಟ್ಟು ಊರಿಗೆ ಹೋದಳು. ಅವಳನ್ನು ಇನ್ನು ಈ ಕಥೆಗೆ ಎಳೆಯುವುದಿಲ್ಲ.

೬ (ಮುಕ್ತಾಯಗಳು, ಬೇಕಾದ್ದು ಆರಿಸಿಕೊಳ್ಳಿ)

ಮೊದಲನೆಯದು. ಲೀಲಾಕ್ಷಿ ಪುಸ್ತಕ ಮುಚ್ಚಿಟ್ಟು ಯಾವತ್ತಿಂದ ಅಂತ ಕೇಳಿಯೇ ಬಿಡುತ್ತಾಳೆ. ಅವ್ವಣ್ಣ ಆಸ್ಪತ್ರೆಯಲ್ಲಿ ಹತ್ತು ದಿನ ಮಲಗಿ ಎದ್ದು ಬರುತ್ತಾನೆ. ಎರಡು ಪುಟ ಬರೆದೆ, ಬರೆಯುತ್ತ ಅತ್ತೆ. ಆಮೇಲೆ ವರ್ಗದಲ್ಲಿ ಅವ್ವಣ್ಣನ ಮಗಳ ಹಾಜರಿ ಕರೆಯುವಾಗ ಆ ಎರಡು ಪುಟ ನೆನಪಾಗಿ ನಾಚಿಕೆಯಾಯಿತು.

ಎರಡನೆಯದು. ನಾನು ಭೀಮವ್ವನ ಮನೆಗೆ ಹೋಗಿ ಎಲ್ಲವನ್ನೂ ಹೇಳುತ್ತೇನೆ. ಆಕೆ ಕಣ್ಣೊರೆಸಿಕೊಂಡು 'ಇರಲಿ ಬಿಡ್ರಿ ಮಾಸ್ತರ, ನೀವರ ಏನ ಮಾಡ್ತೀರಿ' ಅನ್ನುತ್ತಾಳೆ. ಇಷ್ಟು ಬರೆದದ್ದೇ ತಡ, ಕಥೆಯೊಳಗಿನ ಭೀಮವ್ವ ತಿರುಗಿ ಬಿದ್ದಳು.

"ಏ ಮಾಸ್ತರ, ನಾ ಯಾವಾಗ ಹಂಗಂದೆ?"

"ಇದು ಕಥಿರಿ, ಭೀಮವ್ವ."

"ಕಥಿ ಆದ್ರ ನನ್ನ ಬಾಯಾಗ ನಿಮಗ ಬೇಕಾದ ಮಾತ ತುರುಕತೀರೇನು? ನೀವು ಹೇಳೇ ಇಲ್ಲ. ನಾ ಏನಂತ ಮಾಫಿ ಮಾಡ್ಲಿ?"

ನಿಜ, ಎರಡು ವರ್ಷ ನಾನು ಹೇಳಲೇ ಇಲ್ಲ. ಅಷ್ಟರೊಳಗೆ ನಿಜವಾದ ಭೀಮವ್ವ ತಾನೇ ತೀರ್ಪು ಕೊಟ್ಟುಕೊಂಡಿದ್ದಳು. ಮಾಲೆ ಹಾಕಿಸಿ ಕುಡಿತ ಬಿಡಿಸಿದ್ದಕ್ಕೇ ಗಂಡ ಹೋದ, ಹಾಕಿದ ಕೈ ತನ್ನದು. ಪಕ್ಕದ ಮನೆಯ ರೇಣು ತನ್ನ ಗಂಡನನ್ನು ಕೊಂಢವಾಕ್ಕೆ ಕರೆದೊಯ್ಯಲು ಹೊರಟಾಗ ಭೀಮವ್ವ ಕೈ ಹಿಡಿದು ನಿಲ್ಲಿಸಿದಳಂತೆ. "ಬಿಡಸಬ್ಯಾಡವಾ. ಕುಡೀಲಿ. ಕುಡದ್ರ ಇರ್ತಾನ, ಬಿಡಿಸಿದ್ರ ಹೋಗತಾನ." ರೇಣು ಹೊಸ್ತಿಲಿಂದಲೇ ಹಿಂದಿರುಗಿದಳಂತೆ. ಇದನ್ನು ಕೇಳಿದ ದಿನ ನನಗೆ ಅನ್ನ ಇಳಿಯಲಿಲ್ಲ. ಆದರೂ ಹೇಳಲಿಲ್ಲ.

೭

೨೦೦೦ದಲ್ಲಿ ಎರಡನೇ ಆವೃತ್ತಿ ಬಂತು. ನಾಲ್ಕನೇ ಪ್ರಶ್ನೆ ತಿದ್ದಿದೆ: 'ಕೊನೆಯ ಸಲ ಕುಡಿದದ್ದು ಯಾವ ದಿನ, ಎಷ್ಟು ಹೊತ್ತಿಗೆ?' ಮುನ್ನುಡಿಯಲ್ಲಿ 'ಮೊದಲ ಮುದ್ರಣದ ಕೆಲವು ಅಚ್ಚಿನ ತಪ್ಪುಗಳನ್ನು ಸರಿಪಡಿಸಲಾಗಿದೆ' ಅಂತ ಬರೆದೆ. ನೋಡಿದಿರಾ ನನ್ನ ಧೈರ್ಯ! ಪ್ರೆಸ್ಸಿನವನ ತಲೆಗೆ ಕಟ್ಟಿದೆ.

ಕಥೆಯನ್ನು ಅಲ್ಲಿಗೇ ನಿಲ್ಲಿಸುವವನಿದ್ದೆ. ಕಳೆದ ರವಿವಾರ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಭೀಮವ್ವ. ಕಥೆಯೊಳಗಿನವಳಲ್ಲ, ನಿಜವಾದವಳು. ಒಂದು ಕೈಯಲ್ಲಿ ಹೊಸ ಪುಸ್ತಕ. ಕೊನೆಗೂ ಗಂಡನನ್ನು ಕೇಂದ್ರಕ್ಕೆ ಸೇರಿಸಿದ ರೇಣು ತಂದುಕೊಟ್ಟದ್ದು. ಇನ್ನೊಂದರಲ್ಲಿ ಅವ್ವಣ್ಣನ ಪ್ರಶ್ನೆಗಳ ಕಾಗದ. ಸತ್ತ ಮೇಲೆ ಕೇಂದ್ರದವರು ವಾಪಸು ಕೊಟ್ಟದ್ದು. ಎರಡನ್ನೂ ನನ್ನ ಮುಂದಿಟ್ಟು ಕೂತಳು.

"ನಾ ಏಳನೇ ವರ್ಗದ ತನಕ ಓದೀನಿ ಮಾಸ್ತರ. ನಮ್ಮವರ ಕಾಗದದಾಗ 'ಬಿಟ್ಟಿದ್ದೀರಾ' ಅಂತದ. ಇದರಾಗ 'ಯಾವ ದಿನ' ಅಂತದ. ಯಾವ ದಿನ ಅಂತ ಕೇಳಿದ್ರ ಶನಿವಾರ ಅಂತ ನಾನs ಹೇಳತಿದ್ದೆ. ಯಾಕ ಕೇಳಲಿಲ್ಲ?"

ಹೇಳಿದೆ. ನಯವಾದ ಮಾತಿನ ಸಂಗತಿ, ಒಂಬತ್ತನೇ ಪುಟದ ಸಂಗತಿ, ಎಲ್ಲ.

"ಹಂಗಾರ ಮಾಳಿಯಿಂದ ಅಲ್ಲ."

"ಅಲ್ಲರಿ. ಒಮ್ಮಿಗೇ ಬಿಟ್ಟವರಿಗೆ ಔಷಧ ಬೇಕಾಗಿತ್ತು. ಸಿಕ್ಕಿದ್ರ ಬದುಕಬಹುದಿತ್ತು."

"ನಾ ಕೊಂದಿಲ್ಲ."

"ಇಲ್ಲ ಭೀಮವ್ವ. ತಪ್ಪು ನಂದು."

ಅಳುತ್ತಾಳೆ, ಇಲ್ಲವೇ ಶಾಪ ಹಾಕುತ್ತಾಳೆ ಅಂದುಕೊಂಡೆ. ಎರಡಕ್ಕೂ ನನ್ನಲ್ಲಿ ವಾಕ್ಯಗಳು ತಯಾರಿದ್ದವು. ಆಕೆ ಬೇರೆಯೇ ಕೇಳಿದಳು.

"ಅವರ ಹದಿಮೂರನೇ ದಿವಸದ ಊಟಕ್ಕ ನಮ್ಮನಿಗೆ ಬಂದಿದ್ರಿ. ನಾ ಬಡಸ್ಕೋತ ಅಳಕೋತ 'ನಾನs ಕೊಂದೆ ಮಾಸ್ತರ' ಅಂದೆ. ಆವತ್ತ ನಿಮಗ ಗೊತ್ತಿತ್ತೇನು?"

(ಆ ಊಟವನ್ನು ನಾನು ಯಾವ ಕರಡಿನಲ್ಲೂ ಬರೆದಿರಲಿಲ್ಲ.)

"ಗೊತ್ತಿತ್ತು."

"ಗೊತ್ತಿದ್ದೂ ಇನ್ನೊಂದು ಹೋಳಿಗಿ ಹಾಕಿಸ್ಕೊಂಡ್ರೇನು?"

ಇಲ್ಲಿಗೆ ಕಥೆ ಮುಗಿಯಿತು ಅಂತ ಬರೆಯಲು ಹೋದೆ, ಕೈ ಬರಲಿಲ್ಲ. ಈ ಭೀಮವ್ವನ ಬಾಯಿಗೆ ನಾನು ಮಾತು ಹಾಕಲಾರೆ, ಆಕೆಯನ್ನು ಎಬ್ಬಿಸಿ ಕಳಿಸಲಾರೆ. ನಿಮಗೆ ಬೇಕಾದರೆ ನೀವು ಎದ್ದು ಹೋಗಬಹುದು. ಆಕೆ ಎದುರಿಗೆ ಕೂತೇ ಇದ್ದಾಳೆ, ನಾನು ಬಾಯಿ ತೆರೆಯಲಿ ಅಂತ ನೋಡುತ್ತ.