ಮೀನಿನ ಹೊಟ್ಟೆಯಲ್ಲಿ ಹದಿನಾರು ದಿನ

ಬೋಳಾರದ ಶಾಲೆಯಲ್ಲಿ ನನಗೆ ಎರಡು ಕೆಲಸ. ಬೆಳಿಗ್ಗೆ ಮನೆಮನೆಗೆ ಹೋಗಿ ಸಣ್ಣ ಮಕ್ಕಳನ್ನು ಕರೆತರುವುದು ಒಂದು. ಟೀಚರು ಉರ್ಸುಲಾ ಬಾಯಿ ಓದಿದ ಕತೆಯನ್ನು ಅವರಿಗೆ ತುಳುವಿನಲ್ಲಿ ಹೇಳುವುದು ಇನ್ನೊಂದು. ಬಾಯಿಯ ಕನ್ನಡ ಪುಸ್ತಕದ ಕನ್ನಡ. ಮಕ್ಕಳಿಗೆ ಅದು ಕೆಸುವಿನ ಎಲೆಯ ಮೇಲಿನ ನೀರು. ಬಾಯಿ ಚಿತ್ರದ ಪುಸ್ತಕವನ್ನು ಎದೆಗೆ ಆನಿಸಿ ಹಿಡಿದು ಒಂದು ಸಾಲು ಓದುವರು, ನಾನು ಹತ್ತು ಸಾಲು ಹೇಳುವೆ.

"ಅಮ್ಮಣಿಯಮ್ಮ, ಇದರಲ್ಲಿ ಆನೆ ಎಲ್ಲುಂಟು? ಬರೆದದ್ದು ಇಲಿ ಅಂತ."

"ನಿಮ್ಮ ಇಲಿಗೆ ಮಕ್ಕಳು ನಿದ್ದೆ ಮಾಡ್ತಾರೆ ಬಾಯಿ. ನನ್ನ ಆನೆ ಬಂದ ಮೇಲೆ ಒಬ್ಬನಾದರೂ ಮೂಗು ಒರೆಸಿದನಾ ನೋಡಿ."

ಗಂಡ ಹೋಗಿ ಮೂವತ್ತು ವರ್ಷ. ನಾಲಿಗೆಯೊಂದೇ ನನಗೆ ಉಳಿದ ಆಸ್ತಿ. ಅಕ್ಷರ ಬಾರದು.

ಆ ವರ್ಷ ನಮ್ಮ ಕೇರಿಯ ನೋಣಯ್ಯನ ದೋಣಿ, ಹೊಳೆ ಕಡಲು ಸೇರುವ ಅಳಿವೆ ದಾಟಿ ಹೋದದ್ದು ತಿರುಗಿ ಬರಲಿಲ್ಲ. ನಾಲ್ಕನೆಯ ದಿನ ದೋಣಿಯ ಹಲಗೆ ದಡಕ್ಕೆ ಬಂತು, ನೋಣಯ್ಯ ಬರಲಿಲ್ಲ. ಹಲಗೆ ಬಂದ ದಿನದಿಂದಲೇ ಎಣಿಸಿ ಹದಿನಾರಕ್ಕೆ ಬೊಜ್ಜ ಮಾಡುವುದೆಂದು, ಸತ್ತವನಿಗೆ ಕೊನೆಯ ಊಟ ಬಡಿಸುವುದೆಂದು, ಹಿರಿಯರು ಹೇಳಿದರು. ಅವನ ಮಗಳು ಕಿನ್ನಿಗೆ ಐದು ವರ್ಷ. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. "ಅಪ್ಪ ಕಡಲಲ್ಲಿದ್ದಾರೆ" ಎಂದಷ್ಟೇ ಹೇಳಿ ಶಾಲೆಗೆ ಅಟ್ಟುತ್ತಿದ್ದರು. ಅವಳು ಬಂದು ಗೋಡೆಗೆ ಒರಗಿ ಕೂರುವಳು. ನನ್ನ ಆನೆ, ಹುಲಿ, ಬ್ರಹ್ಮರಾಕ್ಷಸ ಯಾವುದಕ್ಕೂ ನಗಲಿಲ್ಲ.

ಆ ವಾರ ಉರ್ಸುಲಾ ಬಾಯಿಗೆ ಜ್ವರ ಬಂತು. ಕೂಳೂರಿನ ಹೊಳೆಗೆ ಆಗ ಸೇತುವೆ ಇಲ್ಲ. ದೋಣಿಯಲ್ಲಿ ದಾಟಿ ತಾಯಿಮನೆಗೆ ಹೋದವರು ಪುಸ್ತಕವನ್ನು ನನ್ನ ಕೈಗೆ ಕೊಟ್ಟುಹೋದರು. ಒಂದು ಹಾಳೆಯಲ್ಲಿ ದೊಡ್ಡ ಮೀನು, ಅದರ ಬಾಯಿಯಲ್ಲಿ ಒಬ್ಬ ಅಂಬಿಗ. ಕೆಳಗೆ ಏನು ಬರೆದಿತ್ತೋ ದೇವರಿಗೇ ಗೊತ್ತು.

ಕಿನ್ನಿ ಗೋಡೆ ಬಿಟ್ಟು ಮುಂದೆ ಬಂದಳು. "ಅಜ್ಜಿ, ಇವ ಸತ್ತನಾ?"

"ಸಾಯುವುದೆಂತ! ಆ ಮೀನಿನ ಹೊಟ್ಟೆ ನಮ್ಮ ಶಾಲೆಯಷ್ಟು ದೊಡ್ಡದು. ಒಳಗೆ ಒಲೆ ಹೂಡಿ ಬೂತಾಯಿ ಮೀನು ಸುಟ್ಟು ತಿಂದ. ಗಡ್ಡ ಮೊಣಕಾಲಿಗೆ ಬಂತು. ಗಡ್ಡ ತಾಗಿ ಕಚಗುಳಿಯಾಗಿ ಮೀನು ನಕ್ಕಿತು ನೋಡು, ಹಾರಿ ಹೊರಗೆ ಬಿದ್ದ!"

ಕಿನ್ನಿ ನಕ್ಕಳು. ಎಷ್ಟೋ ದಿನಗಳ ಮೇಲೆ ಅವಳ ಹಲ್ಲು ಕಂಡಿತು.

"ಎಷ್ಟು ದಿನ ಇದ್ದ ಅಜ್ಜಿ?"

ಕೇರಿಯಲ್ಲಿ ಎಲ್ಲರ ಬಾಯಲ್ಲೂ ಇದ್ದ ಲೆಕ್ಕವೇ ನನ್ನ ಬಾಯಿಗೂ ಬಂತು. "ಹದಿನಾರು."

ಎರಡು ದಿನ ಬಿಟ್ಟು, ಶಾಲೆಗೆ ಬರುವ ದಾರಿಯಲ್ಲಿ ಅವಳು ನನ್ನ ಸೆರಗು ಜಗ್ಗಿದಳು. "ಅಜ್ಜಿ, ನಮ್ಮ ಮನೆಯಲ್ಲಿಯೂ ಹದಿನಾರಕ್ಕೆ ಬನ್ನಿ ಅಂತ ನೆಂಟರನ್ನು ಕರೀತಿದ್ದಾರೆ. ಅಪ್ಪನಿಗೆ ಇಷ್ಟದ್ದೆಲ್ಲ ಅಡಿಗೆ ಮಾಡ್ತಾರಂತೆ! ಅಪ್ಪ ಬರ್ತಾರಲ್ವಾ?"

ಆಗಲೇ ನಿಜ ಹೇಳಬೇಕಿತ್ತು. ಆ ಮುಖ ನೋಡಿ "ಹ್ಞೂಂ" ಎಂದುಬಿಟ್ಟೆ.

ಹದಿನಾರನೆಯ ದಿನ ಅಂಗಳಕ್ಕೆ ಚಪ್ಪರ ಹಾಕಿದ್ದರು. ಕಿನ್ನಿ ತಾನೇ ಜಡೆ ಹಾಕಿಕೊಂಡು ಬಂದವರಿಗೆಲ್ಲ ಹೇಳುತ್ತಿದ್ದಳು: "ಅಪ್ಪನಿಗೆ ಗಡ್ಡ ಬಂದಿರ್ತದೆ, ಹೆದರಬೇಡಿ." ಹೆಂಗಸರು ಸೆರಗು ಬಾಯಿಗೆ ಒತ್ತಿ ಹಿತ್ತಿಲಿಗೆ ಹೋದರು.

ನೋಣಯ್ಯನ ಅಣ್ಣ ಚೆನ್ನಪ್ಪ ಒಳಕೋಣೆಯಲ್ಲಿ ಬಾಳೆಲೆ ಹಾಕಿ, ಅನ್ನ, ಕಡಲೆ ಗಸಿ, ಪಾಯಸ ಬಡಿಸಿ, ಪಕ್ಕಕ್ಕೆ ಎರಡು ಬೀಡಿ ಇಟ್ಟು ಬಾಗಿಲು ಎಳೆದ. ಸತ್ತವನು ಬಂದು ಉಣ್ಣುವಷ್ಟು ಹೊತ್ತು ಎಲ್ಲರೂ ಹೊರಗೆ ಸುಮ್ಮನೆ ನಿಂತೆವು. ಚೆನ್ನಪ್ಪ ಮೂರು ಸಲ ಬಾಗಿಲು ಬಡಿದು ತೆರೆದದ್ದೇ, ಅವನ ಕೈಯಡಿಯಿಂದ ಕಿನ್ನಿ ಒಳಗೆ ನುಗ್ಗಿದಳು.

ಎಲೆಯಲ್ಲಿ ಬಡಿಸಿದ್ದು ಬಡಿಸಿದಂತೆಯೇ ಇತ್ತು.

"ಅಪ್ಪ ಉಣ್ಣಲೇ ಇಲ್ಲ." ಬಾಗಿಲ ಹಿಂದೆ ನೋಡಿದಳು, ಚಾಪೆ ಎತ್ತಿ ನೋಡಿದಳು. ಆಮೇಲೆ ಅಷ್ಟು ಜನರ ನಡುವೆ ನನ್ನನ್ನು ಹುಡುಕಿದಳು. "ಅಜ್ಜಿ, ಮೀನು ನಗಲಿಲ್ವಾ?"

ಅವಳ ತಾಯಿ ಅಕ್ಕು, ಬರಿಗೈ ಮಡಿಲಲ್ಲಿಟ್ಟು ಕೂತಿದ್ದವಳು, ತಲೆ ಎತ್ತಿದಳು. "ಹೇಳಿ ಅಮ್ಮಣಿಯಕ್ಕ. ನನ್ನ ಬಾಯಿಂದ ಆಗುವುದಿಲ್ಲ. ಬರ್ತಾರೆ ಅಂತ ಹೇಳಿದ್ದು ನೀವಲ್ವಾ?"

ಕೂತೆ.

"ಮೀನು ಇಲ್ಲ ಮಗಾ. ಅದು ನಾನು ಮಾಡಿದ ಮೀನು. ಅಪ್ಪನ ದೋಣಿ ಒಡೆಯಿತು. ಅಪ್ಪ ಸತ್ತುಹೋದರು."

"ಪುಸ್ತಕದಲ್ಲಿ ಉಂಟಲ್ಲ?"

"ನನಗೆ ಓದಲು ಬರುವುದಿಲ್ಲ."

ಅವಳು ಅಳಲಿಲ್ಲ. ಎಲೆಯ ಎದುರು ಕೂತು ಗಸಿಯ ಮೇಲೆ ಬಂದ ನೊಣ ಓಡಿಸುತ್ತಿದ್ದಳು. ಚೆನ್ನಪ್ಪ ಎತ್ತಿಕೊಳ್ಳಲು ಹೋದಾಗ ಅವನ ಕೈ ಕಚ್ಚಿದಳು.

ವಾರ ಕಳೆದು ಶಾಲೆಗೆ ಬಂದಳು. ಉರ್ಸುಲಾ ಬಾಯಿಯೂ ಬಂದಿದ್ದರು. ಅಂದು ನರಿ ಮತ್ತು ಏಡಿಯ ಕತೆ. ಬಾಯಿ ಚಿತ್ರ ತೋರಿಸಿ ಓದಿದರು: "ಒಂದು ಕಾಡಿನಲ್ಲಿ ಒಂದು ನರಿ ಇತ್ತು." ಮಕ್ಕಳು ನನ್ನ ಕಡೆ ತಿರುಗಿದರು. ಮುದ್ದು ಎಂಬ ಪೋರಿ ಕುಣಿಯುತ್ತಿದ್ದಳು. "ಅಜ್ಜಿ, ಬಾಲ ಎಷ್ಟು ಉದ್ದ? ಹೇಳಿ ಅಜ್ಜಿ!"

ಕಿನ್ನಿ ಗೋಡೆಯ ಬಳಿಯಿಂದ ಚಿತ್ರ ನೋಡಲಿಲ್ಲ, ನನ್ನ ತುಟಿಯನ್ನೇ ನೋಡುತ್ತಿದ್ದಳು.

"ಒಂದು ಕಾಡಿನಲ್ಲಿ ಒಂದು ನರಿ ಇತ್ತು" ಎಂದೆ.

"ಮತ್ತೆ?"

"ಬಾಯಿ ಓದಲಿ, ಮತ್ತೆ ಹೇಳ್ತೇನೆ."

ಮುದ್ದು ಆಕಳಿಸಿದಳು. ಬಾಯಿ ಅಚ್ಚರಿಯಿಂದ ನನ್ನನ್ನು ನೋಡಿ ಎರಡನೆಯ ಸಾಲು ಓದಿದರು. ನಾನು ಅಷ್ಟನ್ನೇ ಹೇಳಿದೆ.