ಹರಿಯದ ದಾರ

ಆಂಡಿ ಕತ್ತಿಯ ಮೊನೆಯನ್ನು ದಾರದಡಿ ತೂರಿಸಲು ಮತ್ತೊಮ್ಮೆ ನೋಡಿದ. ಆಗಲಿಲ್ಲ. ಗೆಳೆಯ ಅಳಗರನ ಬಲ ಮಣಿಕಟ್ಟು ಊದಿಕೊಂಡು, ಗಾಳದ ರೇಷ್ಮೆ ದಾರ ಮಾಂಸದೊಳಕ್ಕೆ ಇಳಿದಿತ್ತು. ಮಾರ್ಕಯನ್‌ಕೋಟ್ಟೈ ಹೊಳೆಯ ಮಡುವಿನಿಂದ ಹೆಣವನ್ನು ತಂದು ಅಂಗಳದಲ್ಲಿ ಮಲಗಿಸಿದ್ದರು. ಮೀಯಿಸುವ ಮುಂಚೆ ದಾರವನ್ನು ಬಿಡಿಸಬೇಕಿತ್ತು.

“ಬಿಡಪ್ಪಾ, ಅವರ ಕೈ ಕೊಯ್ದೋಗ್ತದೆ,” ಎಂದಳು ಅಳಗರನ ಹೆಂಡತಿ ಪೊನ್ನುತಾಯಿ.

“ಇನ್ನೆಲ್ಲಿ ನೋವಕ್ಕಾ,” ಎಂದವನೇ ಆಂಡಿ ಕತ್ತಿ ಕೆಳಗಿಟ್ಟ.

ಅಳಗರನ ತಮ್ಮ ದುರೈ ಕಂಬಕ್ಕೆ ಒರಗಿ ನಿಂತಿದ್ದ. ದಾರ ತಂದುಕೊಟ್ಟವನು ಅವನೇ ಎಂಬುದು ಎಲ್ಲರಿಗೂ ಗೊತ್ತಿತ್ತು.

*

ಮಲೆಯ ಮೇಲೆ ಬಿಳಿ ದೊರೆಗಳು ಅಣೆ ಕಟ್ಟಿಸುತ್ತಿದ್ದ ಕಾಲ. ಅಳಗರ್ ಹಗಲೆಲ್ಲ ತೋಟದಲ್ಲಿ ಎತ್ತು ಕಟ್ಟಿ ಬಾವಿಯ ನೀರೆತ್ತುವ ಕಪಿಲೆ ಹೊಡೆಯುತ್ತಿದ್ದ. ಸಂಜೆ ಮಾತ್ರ ಅವನದು. ಪೊನ್ನುತಾಯಿ ಹೊಸೆದುಕೊಟ್ಟ ಸೆಣಬಿನ ದಾರವನ್ನು ಮಣಿಕಟ್ಟಿಗೆ ಸುತ್ತಿಕೊಂಡು ಮಡುವಿಗೆ ಗಾಳ ಎಸೆಯುತ್ತಿದ್ದ. ದೊಡ್ಡ ಬಾಳೆಮೀನು ಕಚ್ಚಿದರೆ ದಾರ ಪಟ್ಟನೆ ಹರಿಯುತ್ತಿತ್ತು. ಮನೆಗೆ ಬಂದು, ತಪ್ಪಿಸಿಕೊಂಡ ಮೀನು ಎಷ್ಟುದ್ದವೆಂದು ತೋಳು ಚಾಚಿ ತೋರಿಸುತ್ತಿದ್ದ. ಹೇಳುತ್ತ ಹೇಳುತ್ತ ತೋಳು ಇನ್ನೂ ಅಗಲವಾಗುತ್ತಿತ್ತು. ಅವಳು ನಗುತ್ತಿದ್ದಳು.

ದುರೈ ಪೆರಿಯಕುಳಂನಿಂದ ಕೋಡೈ ಮಲೆಗೆ ದೊರೆಗಳ ಹೊರೆ ಹೊರುವವನು. ಇಂಗ್ಲೆಂಡಿಗೆ ಮರಳುತ್ತಿದ್ದ ದೊರೆಯೊಬ್ಬ ತನ್ನ ಗಾಳದ ರೇಷ್ಮೆ ದಾರದ ಸುರುಳಿಯನ್ನು ಅವನಿಗೆ ಕೊಟ್ಟುಬಿಟ್ಟ.

“ಆನೆ ಕಟ್ಟಿದ್ರೂ ಹರಿಯಲ್ಲಣ್ಣಾ,” ಎಂದು ಅದನ್ನು ತಂದುಕೊಟ್ಟಿದ್ದ.

“ಮೀನು ಹುಳಾನ ನೋಡಿ ಬರ್ತದೆ, ದಾರಾನ ನೋಡಿ ಅಲ್ಲ,” ಎಂದು ಆಂಡಿ ತಮಾಷೆ ಮಾಡಿದ್ದ.

ಅದೂ ನಿಜವೇ. ಕಚ್ಚುವ ಮೀನುಗಳೇನೂ ಹೆಚ್ಚಲಿಲ್ಲ. ಆದರೆ ಕಚ್ಚಿದ್ದು ತಪ್ಪಿಸಿಕೊಳ್ಳಲಿಲ್ಲ. ಆ ಮಳೆಗಾಲ ಅಳಗರ್ ಹೆಗಲ ಮೇಲೆ ಹೊತ್ತು ತಂದಂಥ ಮೀನನ್ನು ಊರವರು ಹಿಂದೆಂದೂ ಕಂಡಿರಲಿಲ್ಲ. ಮಣಿಕಟ್ಟಿಗೆ ಸುತ್ತಿಕೊಳ್ಳುವ ರೂಢಿಯನ್ನು ಮಾತ್ರ ಅವನು ಬಿಡಲಿಲ್ಲ.

ನಿನ್ನೆ ಸಂಜೆ ಆಂಡಿ ಆಚೆ ದಂಡೆಯಲ್ಲಿದ್ದ. ಗಾಳ ಕಚ್ಚಿದ ಮೀನು ಎಳೆದ ರಭಸಕ್ಕೆ ಪಾಚಿಗಟ್ಟಿದ ಬಂಡೆಯಿಂದ ಅಳಗರ್ ಜಾರಿದ್ದನ್ನು ಕಂಡು, “ಬಿಟ್ಬಿಡು,” ಎಂದು ಕೂಗಿಕೊಂಡ. ಅಳಗರನ ಬೆರಳುಗಳು ಬಿಚ್ಚಿಯೇ ಇದ್ದವು. ದಾರ ಮಣಿಕಟ್ಟಿನಲ್ಲಿತ್ತು. ಆಂಡಿ ಈಜಿ ಬರುವಷ್ಟರಲ್ಲಿ ನೀರು ಮುಚ್ಚಿಕೊಂಡಿತ್ತು.

*

ಚಟ್ಟ ಕಟ್ಟಿಯಾಯಿತು. ದುರೈ ಅತ್ತಿಗೆ ಪೊನ್ನುತಾಯಿಯ ಮುಂದೆ ಕುಕ್ಕರಿಸಿದ.

“ಅಣ್ಣೀ, ನಾನು ಅದನ್ನ ತರದಿದ್ರೆ...”

“ಪ್ರೀತಿಯಿಂದ ತಂದ್ಕೊಟ್ಟೆ. ಅವರೂ ಸಂತೋಷಪಟ್ರು. ನಾನೂ ಆ ಮೀನು ತಿಂದೆ. ಈಗ ಯಾರನ್ನ ಏನಂತ ಬೈಲಿ, ತಂಬಿ?”

ದಾರದ ಸಮೇತವೇ ಹೆಣವನ್ನು ಎತ್ತಿದರು.

ಸುಟ್ಟು ಬಂದವರು ಹೊಳೆಯಲ್ಲಿ ಮುಳುಗೆದ್ದು ದಂಡೆ ಹತ್ತಿದರು. ದುರೈ ಮಾತ್ರ ಮುಳುಗದೆ ಮೊಣಕಾಲುದ್ದದ ನೀರಿನಲ್ಲೇ ನಿಂತಿದ್ದ.

“ಬಾ ದುರೈ, ಹೊತ್ತಾಯ್ತು,” ಎಂದು ಆಂಡಿ ಕರೆದ.

ಬೆರಳುದ್ದದ ಮರಿಮೀನುಗಳು ಬಂದು, ದುರೈಯ ಕಾಲಿಗೆ ಮೆತ್ತಿದ್ದ ಚಿತೆಯ ಬೂದಿಯನ್ನು ಕಚ್ಚತೊಡಗಿದ್ದವು. ಅವನು ಕಾಲು ಕದಲಿಸಲಿಲ್ಲ.