ರೊಪ್ಪದ ಬೇಲಿ ಮೇಲಿನ ತಂತಿ

ಬುಕ್ಕಾಪಟ್ಟಣದಾಚೆ ಒಂದು ಹಟ್ಟಿ. ಅಲ್ಲಿ ಕ್ಯಾತಪ್ಪನ ಮನೆ. ಮನೆ ಮುಂದಿನ ಹೊಲ ದಾಟಿದರೆ ಅವನ ರೊಪ್ಪ, ಅಂದರೆ ಕುರಿ ಕೂಡುವ ದೊಡ್ಡಿ. ಮರಿ ಹಾಕುವ ಕಾಲ ಬಂತೆಂದರೆ ಅವನಿಗೆ ತೋಳದ್ದೇ ಚಿಂತೆ. ಬೆಳಕಿದ್ದರೆ ತೋಳ ಸುಳಿಯುವುದಿಲ್ಲ ಎಂದು ಯಾರೋ ಹೇಳಿದರು. ಹಟ್ಟಿಗೆ ಆಗಷ್ಟೇ ಕರೆಂಟ್ ಬಂದಿತ್ತು. ಕ್ಯಾತಪ್ಪ ಹಳೇ ತಂತಿಯ ತುಂಡುಗಳನ್ನೆಲ್ಲ ಗಂಟು ಹಾಕಿದ, ಗಂಟಿಗೆ ಹರಕು ಬಟ್ಟೆ ಸುತ್ತಿದ, ಮನೆಯಿಂದ ರೊಪ್ಪದವರೆಗೆ ಹೊಲದ, ರೊಪ್ಪದ ಮುಳ್ಳುಬೇಲಿಯ ಮೇಲೇ ಎರಡೆಳೆಯಾಗಿ ಎಳೆದುಬಿಟ್ಟ. ಬೇಲಿ ಇರುವಾಗ ಕಂಬ ಯಾಕೆ ಎಂಬುದು ಅವನ ಲೆಕ್ಕ.

ಬಲ್ಬು ಉರಿಯಿತು, ಆದರೆ ಬೀಡಿ ತುದಿಯ ಹಾಗೆ ಕೆಂಪಗೆ. ಶಿರಾದಿಂದ ನೂರು ಕ್ಯಾಂಡಲ್ ಬಲ್ಬು ತಂದು ಹಾಕಿದ. ಬೆಳಕು ಇನ್ನೂ ಮಂಕಾಯಿತು. ಗಾಳಿ ಬೀಸಿದಾಗಲೆಲ್ಲ ಫ್ಯೂಸ್ ಹೋಗಿ ಮನೆಯೂ ಕತ್ತಲಾಗುತ್ತಿತ್ತು. ಬೇಸತ್ತ ಕ್ಯಾತಪ್ಪ ಫ್ಯೂಸಿಗೆ ದಪ್ಪ ತಂತಿಯೊಂದನ್ನು ಸಿಕ್ಕಿಸಿದ. ಆಮೇಲೆ ಅದು ಹೋಗಲೇ ಇಲ್ಲ. ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಮಳೆ ಬಿದ್ದ ಮರುದಿನ ಬೇಲಿ ಪಕ್ಕ ಗಬ್ಬದ ಕುರಿಯೊಂದು ಸತ್ತು ಬಿದ್ದಿತ್ತು. ಹಾವು ಮುಟ್ಟಿದೆ ಎಂದು ಹಟ್ಟಿಯವರೆಲ್ಲ ಹೇಳಿದರು. ಕ್ಯಾತಪ್ಪ ಬೇಲಿ ಬುಡದ ಬಿಲಗಳಿಗೆಲ್ಲ ಕಲ್ಲು ತುಂಬಿ ಕೈತೊಳೆದುಕೊಂಡ.

ಅದೇ ವಾರ ಅವನ ಹೆಂಡತಿ ಗಿರಿಯಮ್ಮನ ತಂಗಿ ರಾಮಾಂಜಿನಮ್ಮ ಬಂದಳು. ಅವಳ ಗಂಡ ಅಡವಯ್ಯ ವೈರ್‌ಮನ್. ಶಿರಾದಲ್ಲಿ ಮೋಟಾರು ರಿಪೇರಿ ಅಂಗಡಿಯನ್ನೂ ಇಟ್ಟುಕೊಂಡಿದ್ದ. ಅಂಗಡಿಯಲ್ಲಿ ಅವನ ಪಕ್ಕ ಕೂತು ಕಾಯಿಲ್ ಸುತ್ತುತ್ತ ಕರೆಂಟಿನ ಕೆಲಸ ಅವಳಿಗೂ ಕೈಗೆ ಹತ್ತಿತ್ತು.

ರೊಪ್ಪಕ್ಕೆ ಮೆಟ್ಟು ಹಾಕಿಕೊಂಡು ಹೋಗುವ ಹಾಗಿಲ್ಲ. ಹಿರಿಯರ ಕಾಲದ ಕಟ್ಟಳೆ ಅದು. ಮರಿ ನೋಡಲು ಹೊರಟ ರಾಮಾಂಜಿನಮ್ಮ ರೊಪ್ಪದ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು, ತಲೆ ಎತ್ತಿ ಬೇಲಿ ನೋಡಿದಳು, ಮತ್ತೆ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಸರಿದಳು. ಮೊದಲು ಮನೆಯ ಮೈನ್ ಸ್ವಿಚ್ ಆಫ್ ಮಾಡಿ ಬಾ ಎಂದು, ಅಕ್ಕನ ಜೊತೆ ಹಿಂದೆಯೇ ಬಂದ ಬಾವನಿಗೆ ಹೇಳಿದಳು.

ಕ್ಯಾತಪ್ಪನಿಗೆ ನಗು ಬಂತು. "ಮೋಟ್ರು ಸುತ್ತೋಳು ನಂಗೆ ರೊಪ್ಪ ಕಾಯೋದು ಹೇಳ್ಕೊಡ್ತೀಯೇನಮ್ಮ?"

"ಕುರಿ ನೀನೇ ಕಾಯಿ ಬಾವ. ಕರೆಂಟು ಹೆಂಗೆ ಕಾಯ್ಬೇಕು ಅಂತ ನಾನು ಹೇಳ್ತೀನಿ."

ಗೊಣಗುತ್ತಲೇ ಹೋಗಿ ಆಫ್ ಮಾಡಿ ಬಂದ. ದೊಡ್ಡ ಬಲ್ಬು ಹಾಕಿದರೂ ಬೆಳಕಿಲ್ಲ, ಲೈನೇ ಸರಿಯಿಲ್ಲ ಎಂದು ದೂರಿದ. ಅವಳು ಕಳ್ಳಂಬೆಳ್ಳದ ಕೆರೆ ಕಾಲುವೆಯ ಮಾತು ತೆಗೆದಳು. "ಕಾಲ್ವೆ ಕಿರಿದಾಗಿ, ಹೂಳು ತುಂಬಿರೋವಾಗ ಕೊನೇ ಗದ್ದೆ ದೊಡ್ಡದು ಮಾಡಿದ್ರೆ ನೀರು ಜಾಸ್ತಿ ಬರ್ತದಾ? ಇಷ್ಟು ಗಂಟಿರೋ ಸಣ್ಣ ತಂತೀಲಿ ಕರೆಂಟು ದಾರೀಲೇ ಬಿಸಿಯಾಗಿ ಹೋಗ್ತದೆ. ಸರಿಯಾದ ತಂತಿ ಎಳುಸ್ಬುಟ್ರೆ ಸಣ್ಣ ಬಲ್ಬೇ ಬೆಳ್ಳಗೆ ಉರಿತದೆ."

ಆಮೇಲೆ ಫ್ಯೂಸಿನ ಸಂಗತಿ ಕೇಳಿದಳು. ಅವನು ದಪ್ಪ ತಂತಿಯ ಜಾಣತನವನ್ನು ಖುಷಿಯಿಂದಲೇ ಹೇಳಿಕೊಂಡ.

"ಫ್ಯೂಸು ಮಂದೆ ನಾಯಿ ಇದ್ದಂಗೆ ಬಾವ. ನಿದ್ದೆ ಕೆಡಿಸ್ತದೆ ಅಂತ ನಾಯಿ ಬಾಯಿ ಕಟ್ತಾರಾ? ಗಾಳಿಗೆ ತಂತಿಗೆ ತಂತಿ ತಾಗಿದಾಗೆಲ್ಲ ಅದು ಬೊಗಳ್ತಿತ್ತು. ನೀನು ಬಾಯಿ ಕಟ್ಬುಟ್ಟೆ."

ಕ್ಯಾತಪ್ಪ ಅವಳಿಗೆ ಕುರಿ ಸತ್ತಿದ್ದ ಜಾಗ ತೋರಿಸಿದ. ಅಲ್ಲೇ ಅವಳು ಬೇಲಿಯ ಮೇಲಿನ ಗಂಟೊಂದನ್ನು ತೋರಿಸಿದಳು. ಸುತ್ತಿದ್ದ ಬಟ್ಟೆ ಸುಟ್ಟು ಕರಿಯಾಗಿತ್ತು. ತಂತಿ ಬೆತ್ತಲೆಯಾಗಿ ಮುಳ್ಳಿಗೆ ತಾಗಿತ್ತು. ಒಣ ಮುಳ್ಳಿನಲ್ಲಿ ಗೊತ್ತಾಗದೆ ಹೋಗಬಹುದು, ನೆನೆದ ಮುಳ್ಳಿನಲ್ಲಿ ಕರೆಂಟು ಹರಿಯುತ್ತದೆ, ಮಳೆಯಲ್ಲಿ ಕುರಿಯನ್ನು ಕೊಂದಿದ್ದು ಹಾವಲ್ಲ, ಇದು ಎಂದಳು. ರೊಪ್ಪದ ನೆಲವೋ ಹಿಕ್ಕೆ, ಗಂಜಲದಿಂದ ಯಾವಾಗಲೂ ಹಸಿ. ಅದರ ಮೇಲೆ ಬರಿಗಾಲು.

ಗಿರಿಯಮ್ಮ ತನ್ನ ಅಂಗೈ ನೋಡಿಕೊಂಡು ಹೇಳಿದಳು. "ನಿನ್ನೆ ಸಂಜೆ ಮರಿ ಕುಡ್ಸಾಕೆ ಹೋದಾಗ ಬೇಲಿ ತಗುಲಿ ಕೈ ಜುಂ ಅಂತು. ಮೊನ್ನೇನೂ ಅಂದಿತ್ತು. ಮರಿ ಎತ್ಕಂಡು ಎತ್ಕಂಡು ಕೈ ಸೋತೈತೆ ಅಂದ್ಕಂಡೆ."

ಕ್ಯಾತಪ್ಪ ಹೆಂಡತಿಯ ಪಾದ ನೋಡಿದ, ಸುಟ್ಟ ಗಂಟು ನೋಡಿದ. ರಾಮಾಂಜಿನಮ್ಮನ ಕಡೆ ತಿರುಗಿ ಹೇಳಿದ: "ಮರಿ ಹಿಡಿಯೋ ತೋಳಕ್ಕೆ ಹೆದ್ರಿ, ಮನೆಯೋಳ್ನ ಹಿಡಿಯೋ ತೋಳನ್ನ ನಾನೇ ತಂದು ಬೇಲಿ ಮೇಲೆ ಕಟ್ಟಿದ್ದೆ ಕಣಮ್ಮ."

ಹಾಗಾದರೆ ಇನ್ನು ಮೆಟ್ಟು ಹಾಕಿಕೊಂಡೇ ಒಳಗೆ ಹೋಗಬೇಕೋ ಎಂದು ಅಳುಕುತ್ತಲೇ ಕೇಳಿದ. ರಾಮಾಂಜಿನಮ್ಮ ನಕ್ಕಳು. "ಕಟ್ಲೆ ನಿಮ್ದು, ಇರ್ಲಿ ಬಾವ. ಕಾಲು ಬದಲಾಗೋದು ಬ್ಯಾಡ, ತಂತಿ ಬದಲಾಗ್ಲಿ."

ಮಾರನೇ ದಿನ ಅಡವಯ್ಯ ಬಂದ. ಬೇಲಿಯ ತಂತಿ ಪೂರ್ತಿ ಕಿತ್ತು ಹಾಕಿದ. ರಬ್ಬರ್ ಹೊದಿಕೆಯ, ಗಂಟಿಲ್ಲದ ತಂತಿಯನ್ನು ಎತ್ತರದ ಕಂಬಗಳ ಮೇಲೆ ಎಳೆದ. ಬಲ್ಬು ರೊಪ್ಪದ ಹೊರಗಿನ ಕಂಬಕ್ಕೆ, ಸ್ವಿಚ್ಚು ಮನೆಯ ಗೋಡೆಗೆ. ಫ್ಯೂಸಿಗೆ ಫ್ಯೂಸಿನದೇ ತೆಳು ತಂತಿ. ನಲವತ್ತು ಕ್ಯಾಂಡಲ್ ಬಲ್ಬು ಹೊಲದ ಬದುವಿನವರೆಗೂ ಬೆಳಕು ಚೆಲ್ಲಿತು. ಗಿರಿಯಮ್ಮ ಎಂದಿನಂತೆ ಬರಿಗಾಲಲ್ಲಿ ಒಳಗೆ ಹೋಗಿ ಮರಿ ಕುಡಿಸಿದಳು. ಅವಳು ಹೊರಬರುವವರೆಗೆ ಕ್ಯಾತಪ್ಪ ಬಾಗಿಲಲ್ಲೇ ನಿಂತಿದ್ದ.

ಅಣ್ಣಂದಿರೇ, ಅಕ್ಕಂದಿರೇ, ಈಗ ನಿಮ್ಮ ಮನೆಯ ಮಾತು. ಬಲ್ಬು ಮಂಕಾದರೆ ದೊಡ್ಡ ಬಲ್ಬು ಕೊಳ್ಳಲು ಓಡಬೇಡಿ, ದಾರಿಯಲ್ಲಿರುವ ತಂತಿ ನೋಡಿಸಿ. ಫ್ಯೂಸ್ ಪದೇಪದೇ ಹೋಗುತ್ತಿದ್ದರೆ ಅದರ ಬಾಯಿ ಕಟ್ಟದೆ ವೈರ್‌ಮನ್‌ಗೆ ಹೇಳಿ ಕಳಿಸಿ. ಕೈ ಜುಂ ಅಂದರೆ ಸುಸ್ತು ಎಂದು ಸುಮ್ಮನಿರದೆ ಆಗಲೇ ಮೈನ್ ಆಫ್ ಮಾಡಿ, ಮನೆಯವರಿಗೆ ತಿಳಿಸಿ. ಮುಳ್ಳುಬೇಲಿ ಇರುವುದು ಕುರಿ ಕಾಯುವುದಕ್ಕೆ, ಕರೆಂಟು ಹೊರುವುದಕ್ಕಲ್ಲ. ಇವತ್ತು ಹೊತ್ತು ಮುಳುಗುವ ಮೊದಲು ನಿಮ್ಮ ಬೇಲಿ ಕಡೆ ಒಮ್ಮೆ ಹೋಗಿ, ಅದರ ಮೇಲೆ ತಂತಿ ಇದೆಯೇ ಎಂದು ಮುಟ್ಟದೆ ನೋಡಿ ಬನ್ನಿ. ಸಂಜೆ ಬರಿಗಾಲಲ್ಲಿ ಒಳಗೆ ಹೋಗುವವರು ನಿಮ್ಮ ಮನೆಯವರೇ.